ಗೇಟ್ ಗ್ಯಾಸ್ಕಿನ್‌ನ ಹಲ್ಲು

ಎಲ್ವುಡ್ ಗ್ಯಾಸ್ಕಿನ್‌ನ ಮುಂದಿನ ಹಲ್ಲು ಅರ್ಧ ಮುರಿದದ್ದು ಅವನು ಹುಡುಗನಾಗಿದ್ದಾಗ, ಹಾಡಹಗಲಲ್ಲಿ, ಉತ್ತರ ಫಿಲಡೆಲ್ಫಿಯದ ಅರ್ಧ ಜನರ ಕಣ್ಣೆದುರಿಗೆ. ಎಲ್ಕ್ಸ್ ಸಂಘದ ಮಕ್ಕಳ ಬ್ಯಾಂಡು ಕೊಲಂಬಿಯ ಅವೆನ್ಯೂದಲ್ಲಿ ಮೆರವಣಿಗೆ ಹೊರಟಿತ್ತು. ಗುಂಪಿನಲ್ಲಿ ಅಮ್ಮ ಎಲ್ಲಿ ನಿಂತಿದ್ದಾಳೆಂದು ಹುಡುಕುತ್ತ ನಡೆದವನ ಕಾಲು ಟ್ರಾಮಿನ ಹಳಿಗೆ ಸಿಕ್ಕಿತು. ಬಾಯಲ್ಲಿದ್ದ ಟ್ರಂಪೆಟ್ ಅವನಿಗಿಂತ ಮೊದಲೇ ನೆಲ ಮುಟ್ಟಿತು. ವೃತ್ತಿಯಿಂದ ಕ್ಷೌರಿಕನಾಗಿದ್ದ ಬ್ಯಾಂಡಿನ ಮೇಷ್ಟ್ರು ಅವನನ್ನು ಕೊರಳಪಟ್ಟಿ ಹಿಡಿದು ಎತ್ತಿ ನಿಲ್ಲಿಸಿ, "ಮೆರವಣಿಗೆ ಇನ್ನೂ ಮುಗ್ದಿಲ್ಲ ಕಣೋ, ಊದು" ಅಂದರು. ಬಿಳಿ ಅಂಗಿಯ ಮೇಲೆ ರಕ್ತ ತೊಟ್ಟಿಕ್ಕಿಸಿಕೊಂಡು ಹುಡುಗ ಊದಿದ. ಅಮ್ಮ ಅಷ್ಟರಲ್ಲಿ ಸಿಕ್ಕಿದ್ದಳು. ಬೈಯುತ್ತ, ಅಳುತ್ತ, ಬೀದಿಯ ಕೊನೆಯವರೆಗೂ ಅವನ ಪಕ್ಕದಲ್ಲೇ ಓಡಿಬಂದಳು.

ಆ ಮುರುಕು ಹಲ್ಲಿಗೆ ಒಗ್ಗಿಕೊಂಡೇ ಅವನ ತುಟಿ ಬೆಳೆಯಿತು. ಬೇರೆಯವರ ಟ್ರಂಪೆಟ್ಟಿನಲ್ಲಿ ಸ್ವರ ನೇರವಾಗಿ ಹೊರಡುತ್ತದೆ. ಎಲ್ವುಡ್‌ನದರಲ್ಲಿ ಸ್ವರಕ್ಕೆ ಮೊದಲು ಒಂದು ಚೂರು ಉಸಿರು ಕೇಳುತ್ತಿತ್ತು, ಯಾರೋ ಗುಟ್ಟು ಹೇಳಲು ಬಾಯಿ ತೆರೆದ ಹಾಗೆ. ಆಮೇಲೆ ಸ್ವರ ತಾರಸ್ಥಾಯಿಗೆ ನೆಗೆದರೆ ಬಾರಿನ ಹಿಂಬದಿಯಲ್ಲಿ ಮೀನು ಕರಿಯುವವನೂ ಜಾಲರಿ ಹಿಡಿದುಕೊಂಡು ನಿಲ್ಲುತ್ತಿದ್ದ. ಹಲ್ಲಿನ ಸಂದಿ ನೋಡಿ ಗೆಳೆಯರು ಅವನಿಗೆ 'ಗೇಟ್' ಎಂದು ಹೆಸರಿಟ್ಟರು. ಅವನು ಬೇಸರ ಮಾಡಿಕೊಳ್ಳಲಿಲ್ಲ. ಬೇಸರ ಮಾಡಿಕೊಂಡರೆ ಆ ಬೀದಿಯಲ್ಲಿ ಅಡ್ಡಹೆಸರು ಇನ್ನೂ ಗಟ್ಟಿಯಾಗುತ್ತದೆ.

ಸೈನ್ಯದ ಬ್ಯಾಂಡಿನಲ್ಲಿ ಎರಡು ವರ್ಷ ಕವಾಯತಿನ ಪಾಠ ಮುಗಿಸಿ ಬಂದ ಮೇಲೆ ಹಗಲು ಲಾಂಡ್ರಿಯ ವ್ಯಾನು ಓಡಿಸಿದ, ವಾರದ ಕೊನೆಗೆ ಬಾರುಗಳಲ್ಲಿ ಊದಿದ. ಚರ್ಚಿನ ಚಪ್ಪಾಳೆ, ಬಾರಿನ ಬ್ಲೂಸ್, ಬೆರಳಿನ ಓಟ, ಈ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸಿದ ಸಂಗೀತ ಆಗ ಎಲ್ಲ ಕಡೆ ಎದ್ದಿತ್ತು. ಪತ್ರಿಕೆಯವರು ಅದನ್ನು ಹಾರ್ಡ್ ಬಾಪ್ ಎಂದು ಕರೆದರು. ಊದುವವರು ಅದನ್ನು ಏನೂ ಕರೆಯಲಿಲ್ಲ. ಅವರಿಗೆ ಊದುವುದರಿಂದಲೇ ಪುರುಸೊತ್ತಿರಲಿಲ್ಲ. ಸ್ಯಾಕ್ಸೋಫೋನಿನ ಮರ್ಸರ್ ಅವನ ಜೀವದ ಗೆಳೆಯ. ಇಬ್ಬರೂ ಮೇಣದ ಕಾಗದದಲ್ಲಿ ಮೀನಿನ ಸ್ಯಾಂಡ್‌ವಿಚ್ ಸುತ್ತಿಕೊಂಡು, ಮರ್ಸರ್‌ನ ಹಳೇ ಕಾರಿನಲ್ಲಿ ನ್ಯೂಯಾರ್ಕಿಗೆ ಹೋಗಿ ಬೇರೆಯವರ ರೆಕಾರ್ಡುಗಳಿಗೆ ಊದಿ ಸಂಜೆಗೆ ವಾಪಸಾಗುತ್ತಿದ್ದರು. ಹೀಗೆ ನಾಲ್ಕು ರೆಕಾರ್ಡು ಆದವು. ಹೊದಿಕೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅವನ ಹೆಸರಿತ್ತು. ಬೀದಿಯ ಜನಕ್ಕೆ ಅಷ್ಟೇ ಸಾಕಾಗಿತ್ತು. ಅವನ ಹೆಂಡತಿ ಲುವೀನಿಯಳಿಗೆ ಸಾಕಾಗಿರಲಿಲ್ಲ.

ಲುವೀನಿಯ ಚರ್ಚಿನಲ್ಲಿ ಜನರನ್ನು ಕೂರಿಸುವ ಸ್ವಯಂಸೇವಕಿಯರ ಮುಖ್ಯಸ್ಥೆ. ಬಿಳಿ ಸಮವಸ್ತ್ರ, ಬಿಳಿ ಕೈಗವಸು, ಒಂದು ಕೈ ಬೆನ್ನ ಹಿಂದೆ. ಅವಳು ಬೆರಳು ತೋರಿಸಿದ ಬೆಂಚಿನಲ್ಲಿ ಪಾದ್ರಿಯ ಅತ್ತೆಯೂ ತೆಪ್ಪಗೆ ಕೂರುತ್ತಿದ್ದಳು. ಅವಳ ಮನೆಯಲ್ಲಿ ಸೋಮವಾರ ಒಗೆತ, ಮಂಗಳವಾರ ಇಸ್ತ್ರಿ. ಇಸ್ತ್ರಿ ಮಾಡುವಾಗ ಒಂದು ರಾಗ ಗುನುಗುತ್ತಿದ್ದಳು, ಅವಳಜ್ಜಿ ದಕ್ಷಿಣದ ಹತ್ತಿ ಹೊಲದಿಂದ ತಂದದ್ದು. ಮೂರು ಸಾಲು ಕೆಳಗೇ ಸುತ್ತಾಡಿ, ನಾಲ್ಕನೆಯದರಲ್ಲಿ ಒಂದು ಎತ್ತರದ ಸ್ವರಕ್ಕೆ ಏರಿ, ಇಸ್ತ್ರಿಪೆಟ್ಟಿಗೆ ಬಟ್ಟೆಯಿಂದ ಮೇಲೇಳುವ ತನಕ ಅಲ್ಲೇ ನಿಲ್ಲುತ್ತಿತ್ತು. ಎಲ್ವುಡ್ ಅದನ್ನೇ ಟ್ರಂಪೆಟ್ಟಿಗೆ ಹೊಂದಿಸಿ 'ಮಂಗಳವಾರದ ಇಸ್ತ್ರಿ' ಎಂದು ಹೆಸರಿಟ್ಟಿದ್ದ. ಅವಳು ಮಾತ್ರ, "ನನ್ ಪಾಡಿಗೆ ನಾನು ಗೊಣಗಿದ್ದಕ್ಕೆಲ್ಲ ಹೆಸರಿಡ್ತೀಯಲ್ಲ" ಎಂದು ನಗುತ್ತಿದ್ದಳು.

ಅವಳಿಗಿದ್ದ ಒಂದೇ ಕೊರಗು ಫೋಟೋದ್ದು. ಮದುವೆಯ ಫೋಟೋದಲ್ಲಿ ಎಲ್ವುಡ್ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದ, ಸಾಲ ಕೊಟ್ಟವನ ಎದುರು ನಿಂತವನಂತೆ. ಯಾವ ಫೋಟೋದಲ್ಲೂ ಅವನು ನಕ್ಕವನಲ್ಲ.

ಹೀಗಿರುವಾಗ ಸಾವಿರದ ಒಂಬೈನೂರ ಐವತ್ತೊಂಬತ್ತರ ವಸಂತದಲ್ಲಿ ಲ್ಯಾಂಟರ್ನ್ ರೆಕಾರ್ಡ್ಸ್‌ನ ಮಿಸ್ಟರ್ ಕ್ರೇಮರ್ ಫೋನು ಮಾಡಿ, ಈ ಸಲದ ರೆಕಾರ್ಡು ನಿನ್ನದೇ ಹೆಸರಿನಲ್ಲಿ, ಎಂದರು. ಮುಂದಿನ ತಿಂಗಳು ಧ್ವನಿಮುದ್ರಣ. ಅದಕ್ಕೆ ಮೊದಲು ಫೋಟೋ ತೆಗೆಯುವವನು ಬರುತ್ತಾನೆ. ಹೊದಿಕೆಯ ತುಂಬ ನಿನ್ನ ಮುಖ, ದೊಡ್ಡ ನಗು.

"ದೊಡ್ಡ ನಗು ಅಂತೆ," ಎಂದ ಎಲ್ವುಡ್, ಫೋನಿಟ್ಟು.

ಲುವೀನಿಯ ಕೈಯಲ್ಲಿದ್ದ ಸೊಪ್ಪಿನ ಪಾತ್ರೆ ಕೆಳಗಿಟ್ಟಳು. "ಎಲ್ವುಡ್, ಹನ್ನೊಂದು ವರ್ಷದಿಂದ ನಾನು ನಿನ್ನ ಹತ್ರ ಏನಾದ್ರೂ ಕೇಳಿದೀನಾ?"

"ದಿನಾ ಕೇಳ್ತೀಯ."

"ಅದು ಸಾಮಾನು. ಇದು ಕೇಳೋದು. ಆ ಹಲ್ಲು ಸರಿ ಮಾಡಿಸ್ಕೋ. ಅಮ್ಮನ ಮನೆ ಗೋಡೆ ಮೇಲೆ ದೇವರ ಪಟ ಇದೆ, ತಾತ ಇದಾರೆ. ಪಕ್ಕದಲ್ಲಿ ನೀನು ನಗ್ತಾ ಇರ್ಬೇಕು. ಅಂಗಡಿ ಕಿಟಕೀಲಿ ಜನ ನಿಂತು ನೋಡ್ಬೇಕು."

ಕೇಳಿದ್ದು ಪ್ರೀತಿಯಿಂದ. ಒಪ್ಪಿದ್ದೂ ಪ್ರೀತಿಯಿಂದ. ಬೀದಿಯ ತುದಿಯ ಹಲ್ಲಿನ ಡಾಕ್ಟರು ವಿಟ್‌ಲೋ ಅವನ ಅಭಿಮಾನಿ. ನಾಲ್ಕೂ ರೆಕಾರ್ಡು ಇಟ್ಟುಕೊಂಡಿದ್ದ. ಹೆಮ್ಮೆಯಿಂದ ಮುರುಕು ಹಲ್ಲನ್ನು ಅರೆದು ಗೂಟದಷ್ಟು ಮಾಡಿ, ಮೇಲೆ ಪಿಂಗಾಣಿಯ ಟೋಪಿ ಕೂರಿಸಿದ. ಕನ್ನಡಿಯಲ್ಲಿ ಎಲ್ವುಡ್ ಯಾರೋ ಬ್ಯಾಂಕಿನ ಮ್ಯಾನೇಜರನಂತೆ ಕಂಡ. ಲುವೀನಿಯ ಕುಣಿದಾಡಿದಳು. ಫೋಟೋದವನು ಬಂದ, ಎಲ್ವುಡ್ ಹಲ್ಲು ಕಿರಿದ, ದೀಪ ಪಳಕ್ಕೆಂದಿತು, ಅವನು ಹೋದ.

ಇರಲಾರದೆ ಇರುವೆ ಬಿಟ್ಟುಕೊಂಡದ್ದು ಗೊತ್ತಾದದ್ದು ಆಮೇಲೆ. ಅಕ್ಕಪಕ್ಕದವರ ನಿದ್ದೆಗೆ ತೊಂದರೆಯಾಗದಿರಲೆಂದು ಎಲ್ವುಡ್ ಮೊದಲಿನಿಂದಲೂ ಮಲಗುವ ಕೋಣೆಯ ಬೀರು ತೆರೆದು, ಒಳಗೆ ನೇತುಹಾಕಿದ ಕೋಟುಗಳಿಗೆ ಮುಖ ಕೊಟ್ಟು ಅಭ್ಯಾಸ ಮಾಡುತ್ತಿದ್ದ. ಅಂದೂ ಕೋಟುಗಳ ಮುಂದೆ ನಿಂತು ಟ್ರಂಪೆಟ್ ತುಟಿಗಿಟ್ಟ. ತುಟಿ ಹಳೆಯ ಸಂದಿಯನ್ನು ಹುಡುಕಿತು. ಇರಲಿಲ್ಲ. ಕೆಳಗಿನ ಸ್ವರ ಹೇಗೋ ಬಂತು, ಬೋಳಾಗಿ, ಯಾರದ್ದೋ ಮನೆಯ ಕರೆಗಂಟೆಯಂತೆ. ಮೇಲಿನದಕ್ಕೆ ಹೋದರೆ ಬರೀ ಗಾಳಿ. ನಮ್ಮಲ್ಲಿ ಹೇಳುತ್ತಾರೆ, ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು. ಎಲ್ವುಡ್‌ಗೆ ಕಡಲೆಯ ಜೊತೆಯಲ್ಲೇ ಹಲ್ಲೂ ಬಂತು, ಹಲ್ಲು ಬಂದದ್ದರಿಂದಲೇ ಕಡಲೆ ಅಗಿಯಲಾಗದೆ ಹೋಯಿತು.

ಎರಡು ದಿನ ಅವನು ಯಾರಿಗೂ ಹೇಳಲಿಲ್ಲ. ತಾನಾಗಿ ಸರಿಹೋದೀತೆಂದು ಕೋಟುಗಳಿಗೆ ಊದಿದ್ದೇ ಊದಿದ್ದು. ಮೂರನೆಯ ದಿನ ಲುವೀನಿಯ ಮನೆಯ ಮುಂದಿನ ಬಿಳಿ ಕಲ್ಲಿನ ಮೆಟ್ಟಿಲು ಉಜ್ಜುತ್ತಿದ್ದಳು. ಪಕ್ಕದ ಮೆಟ್ಟಿಲಲ್ಲಿ ಮಿಸ್ ಒಡೆಸ್ಸ ಬಟಾಣಿ ಸುಲಿಯುತ್ತಿದ್ದಳು. ಬೀದಿಯಲ್ಲಿ ಯಾರ ವಯಸ್ಸು ಕೇಳಿದರೂ ಹೇಳುವ, ತನ್ನದು ಮಾತ್ರ ಹೇಳದ ಹೆಂಗಸು. ಮರ್ಸರ್ ಸ್ಯಾಕ್ಸೋಫೋನಿನ ಪೆಟ್ಟಿಗೆ ಹಿಡಿದು ತಾಲೀಮಿಗೆ ಬಂದ. ಮೇಲಿನ ಕಿಟಕಿಯಿಂದ ಟ್ರಂಪೆಟ್ ಕೇಳುತ್ತಿತ್ತು. ಮರ್ಸರ್ ತಲೆ ಓರೆ ಮಾಡಿ ಕೇಳಿದ.

"ಲುವೀನಿಯ, ಮೇಲೆ ಯಾರನ್ನ ಕೂರಿಸ್ಕೊಂಡಿದೀಯೇ? ಯಾವನೋ ಹೊಸಬ. ಗೇಟ್ ಎಲ್ಲಿ?"

ಲುವೀನಿಯಳ ಕೈಯಲ್ಲಿದ್ದ ಬ್ರಷ್ಷು ನಿಂತುಹೋಯಿತು. ಹದಿನೈದು ವರ್ಷ ಪಕ್ಕದಲ್ಲಿ ನಿಂತು ಊದಿದವನಿಗೆ ಗೆಳೆಯನ ಗುರುತು ಹತ್ತಿರಲಿಲ್ಲ. ಮೇಲೆ ಟ್ರಂಪೆಟ್ಟೂ ನಿಂತಿತು. ಕಿಟಕಿ ತೆರೆದೇ ಇತ್ತು, ಎಲ್ವುಡ್‌ಗೆ ಎಲ್ಲ ಕೇಳಿಸಿತ್ತು.

"ಅವನೇ ಕಣಪ್ಪ," ಎಂದಳು ಮಿಸ್ ಒಡೆಸ್ಸ, ಬಟಾಣಿಯಿಂದ ಕಣ್ಣೆತ್ತದೆ. "ಹಲ್ಲು ಹಾಕಿಸ್ಕೊಂಡವ್ನೆ."

ಲುವೀನಿಯ ಬಕೆಟನ್ನು ಅಲ್ಲೇ ಬಿಟ್ಟು ಡಾಕ್ಟರ ಹತ್ತಿರ ಓಡಿದಳು. ಟೋಪಿ ತೆಗೆದುಬಿಡಿ, ಮೊದಲಿದ್ದ ಹಾಗೆ ಮಾಡಿಬಿಡಿ, ಎಂದು ಅಂಗಲಾಚಿದಳು. ವಿಟ್‌ಲೋನ ಮುಖ ಹುಳ್ಳಗಾಯಿತು. "ಸಿಸ್ಟರ್ ಲುವೀನಿಯ, ಮೊದಲಿದ್ದದ್ದನ್ನ ನಾನು ಅರೆದುಬಿಟ್ಟೆ. ಈಗ ಟೋಪಿ ತೆಗೆದ್ರೆ ಕೆಳಗಿರೋದು ಗೂಟ. ಆ ಮುರುಕು ಎಲ್ಲಿಂದ ತರ್ಲಿ?" ಎಂದವನ ಕಣ್ಣೂ ಒದ್ದೆಯಾಗಿತ್ತು.

ಮುದ್ರಣ ಮುಂದೂಡಿ ಎಂದು ಎಲ್ವುಡ್ ಕ್ರೇಮರ್‌ರನ್ನು ಕೇಳಿದ. ಆಗುವುದಿಲ್ಲ, ರೆಕಾರ್ಡಿಂಗ್ ಕೋಣೆ ಗೊತ್ತುಮಾಡಿ ಆಗಿದೆ, ನಿನಗೆ ಬೇಡವಾದರೆ ಊದುವವರು ಸಾಲುಗಟ್ಟಿ ನಿಂತಿದ್ದಾರೆ, ಎಂದರು. ಅದು ಬೆದರಿಕೆಯೇನಲ್ಲ, ನಿಜವೇ ಆಗಿತ್ತು. ಆ ಕಾಲದಲ್ಲಿ ಒಂದು ಸಲ ಬಿಟ್ಟ ಸರದಿ ಮತ್ತೆ ಬರುತ್ತಿರಲಿಲ್ಲ. ಎಲ್ವುಡ್ ಮಂಚದ ಮೇಲೆ ಕೂತು ಟ್ರಂಪೆಟ್ಟನ್ನು ತೊಡೆಯ ಮೇಲಿಟ್ಟುಕೊಂಡ. ಲುವೀನಿಯ ಬಾಗಿಲಲ್ಲಿ ನಿಂತಳು. ಅವಳು ಅಳಲಿಲ್ಲ. ಒಳಗೆ ಬಂದು ಬೀರು ಮುಚ್ಚಿದಳು.

"ಕೋಟಿಗೆ ಊದಿದ್ದು ಸಾಕು. ನನಗೆ ಊದು."

"ಮೇಲಿನದು ಬರ್ತಾ ಇಲ್ಲ ಕಣೆ."

"ಮೇಲಕ್ಕೆ ಯಾಕೆ ಹೋಗ್ತೀಯ? ಕೆಳಗೇನಿದೆ?"

"ಕೆಳಗೇನೂ ಇಲ್ಲ. ಕೆಳಗೆ ಎಲ್ರೂ ಊದ್ತಾರೆ."

"ಎಲ್ರನ್ನೂ ನಾನು ಮದ್ವೆ ಆಗಿಲ್ಲ. ನೀನು ಊದು."

ಮುದ್ರಣದ ದಿನದವರೆಗೂ ಅವನು ವ್ಯಾನು ನಿಲ್ಲಿಸಿ ಬಂದ ಕೂಡಲೇ ಅವಳೆದುರು ಕೂತು ಊದಿದ. ಮಂದ್ರದಲ್ಲಿ, ಮಧ್ಯದಲ್ಲಿ, ಹತ್ತು ಸ್ವರ ಹಾಕುತ್ತಿದ್ದ ಕಡೆ ಎರಡು. ಅವಳು ಹೊಗಳಲಿಲ್ಲ, ತೆಗಳಲಿಲ್ಲ. ಚೆನ್ನಾಗಿಲ್ಲದಾಗ ಕೈಗವಸಿನ ಗುಂಡಿ ಹಾಕಿ ತೆಗೆದು ಮಾಡುತ್ತಿದ್ದಳು, ಅಷ್ಟೇ.

ನ್ಯೂಯಾರ್ಕಿನಲ್ಲಿ ಅಂದುಕೊಂಡದ್ದೇ ಆಯಿತು. ವೇಗದ ಹಾಡುಗಳಲ್ಲಿ ಎಲ್ವುಡ್ ಆರಂಭದ ಸಾಲು ಊದಿ ಬದಿಗೆ ಸರಿದ, ಉಳಿದದ್ದನ್ನು ಮರ್ಸರ್ ಹೊತ್ತ. ಗಾಜಿನ ಕೋಣೆಯೊಳಗಿಂದ ಕ್ರೇಮರ್ ಎರಡು ಸಲ ಕೇಳಿದರು: "ಗೇಟ್, ಆ ಬೆಂಕಿ ಎಲ್ಲಪ್ಪ?" ಬೆಂಕಿ ವಿಟ್‌ಲೋನ ಪಿಂಗಾಣಿಯ ಕೆಳಗಿತ್ತು.

ಕೊನೆಗೆ ಉಳಿದದ್ದು 'ಮಂಗಳವಾರದ ಇಸ್ತ್ರಿ'. ಅದನ್ನು ಮರ್ಸರ್‌ಗೆ ಬಿಟ್ಟುಕೊಡಲು ಎಲ್ವುಡ್ ಒಪ್ಪಲಿಲ್ಲ. ಡ್ರಮ್ಮಿನವನನ್ನು ಎಲ್ಲರೂ ಡೀಕನ್, ಅಂದರೆ ಚರ್ಚಿನ ಹಿರಿಯ, ಎನ್ನುತ್ತಿದ್ದರು, ಚರ್ಚಿನ ಕಡೆ ತಲೆ ಹಾಕಿಯೂ ಮಲಗದವನಾದ್ದರಿಂದ. ಅವನು ಕೋಲು ಕೆಳಗಿಟ್ಟು ತಂತಿಯ ಬ್ರಷ್ಷು ತೆಗೆದುಕೊಂಡ. ಎಲ್ವುಡ್ ಮೂರು ಸಾಲು ಕೆಳಗೇ ಸುತ್ತಾಡಿದ. ಇಸ್ತ್ರಿಯ ಬಿಸಿ, ಗಂಜಿಯ ವಾಸನೆ, ಹೆಂಡತಿಯ ಬೆನ್ನು, ಎಲ್ಲ ಅದರಲ್ಲಿತ್ತು. ನಾಲ್ಕನೆಯ ಸಾಲಿನಲ್ಲಿ ಎತ್ತರದ ಸ್ವರಕ್ಕೆ ಕೈಚಾಚಿದ. ಬರಲಿಲ್ಲ. ಗಾಳಿ ಕೂಡ ಬರಲಿಲ್ಲ. ಆಗ ಒದ್ದಾಡಬಹುದಿತ್ತು, ಬೇರೊಂದು ಸ್ವರ ಹಾಕಿ ಮುಚ್ಚಬಹುದಿತ್ತು. ಎಲ್ವುಡ್ ಟ್ರಂಪೆಟ್ಟನ್ನು ತುಟಿಯಿಂದ ತೆಗೆದು ಸುಮ್ಮನೆ ನಿಂತ. ಡೀಕನ್‌ನ ಬ್ರಷ್ಷು ಮೆಟ್ಟಿಲು ಉಜ್ಜಿದಂತೆ ನಡೆದೇ ಇತ್ತು. ಅಷ್ಟು ಹೊತ್ತು ಬಿಟ್ಟು ಎಲ್ವುಡ್ ಮತ್ತೆ ಕೆಳಗಿನಿಂದ ಶುರುಮಾಡಿದ.

ಮುಗಿದ ಮೇಲೆ ಕ್ರೇಮರ್, "ಒಂದು ಸ್ವರ ಹೋಯ್ತಲ್ಲ, ಇನ್ನೊಂದ್ಸಲ" ಎಂದರು. ಡೀಕನ್ ಆಗಲೇ ಡ್ರಮ್ಮಿನ ಕಂಚಿನ ತಾಳದ ತಿರುಪು ಬಿಚ್ಚುತ್ತಿದ್ದ. ಡ್ರಮ್ಮಿನವನು ತಿರುಪು ಬಿಚ್ಚಿದ ಮೇಲೆ ಮಾತು ಮುಗಿಯಿತು ಎಂಬುದು ಆ ಮಂದಿಯಲ್ಲಿ ಎಲ್ಲರಿಗೂ ಗೊತ್ತು.

"ಮಿಸ್ಟರ್ ಕ್ರೇಮರ್, ನನ್ ಹತ್ರ ಇದ್ದದ್ದು ಇಷ್ಟೇ. ಇನ್ನೊಂದ್ಸಲ ಅಂದ್ರೆ ಸುಳ್ಳು ಊದ್ಬೇಕಾಗುತ್ತೆ," ಎಂದ ಎಲ್ವುಡ್.

ಶರತ್ಕಾಲದಲ್ಲಿ ರೆಕಾರ್ಡು ಬಂತು. ಲುವೀನಿಯ ಪೆಟ್ಟಿಗೆ ಬಿಚ್ಚಿದಳು. ಹೊದಿಕೆಯ ಮೇಲೆ ಎಲ್ವುಡ್ ಇರಲಿಲ್ಲ. ಹಳದಿ ಗೌನು ತೊಟ್ಟ ಒಬ್ಬ ಬಿಳಿ ಹೆಂಗಸು ಸೋಫಾದ ಮೇಲೆ ಒರಗಿ ನಗುತ್ತಿದ್ದಳು, ಕೈಯಲ್ಲಿ ಟ್ರಂಪೆಟ್, ಅದೂ ತಲೆಕೆಳಗಾಗಿ. ಹಾಗಿದ್ದರೆ ಹೆಚ್ಚು ಮಾರಾಟವಾಗುತ್ತದೆಂದು ಕಂಪನಿಯಲ್ಲಿ ಯಾರಿಗೋ ಅನ್ನಿಸಿತ್ತಂತೆ. ಮಿಸ್ ಒಡೆಸ್ಸ ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, "ಹಲ್ಲು ಹಾಕಿಸ್ಕೊಂಡ್ಮೇಲೆ ಎಷ್ಟು ಚೆಂದಾಗ್ಬಿಟ್ಟಿದೀಯಪ್ಪ ಎಲ್ವುಡ್!" ಎಂದಳು. ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ಎಲ್ವುಡ್‌ ಕೂಡ ನಕ್ಕ. ಲುವೀನಿಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನ ದನಿಯನ್ನು ಫೋಟೋಕ್ಕಾಗಿ ಕೊಟ್ಟದ್ದಾಗಿತ್ತು, ಫೋಟೋವೂ ಇಲ್ಲ.

ಆ ರೆಕಾರ್ಡನ್ನು ಎಲ್ವುಡ್ ಕೇಳಲೊಲ್ಲ, ಅವಳು ಹಾಕಲೊಲ್ಲಳು. ವಾರಗಟ್ಟಲೆ ಅದು ಕಪಾಟಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಿತ್ತು. ಒಂದು ಮಂಗಳವಾರ, ಕಾಲವಲ್ಲದ ಕಾಲದಲ್ಲಿ ಸೆಕೆ ಎದ್ದ ದಿನ, ಎಲ್ವುಡ್ ಬೇಗ ಬಂದು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ಅವನು ಬಂದದ್ದು ಲುವೀನಿಯಳಿಗೆ ಗೊತ್ತಿರಲಿಲ್ಲ. ಒಳಗೆ ಸೂಜಿ ಇಳಿದ ಸದ್ದಾಯಿತು. 'ಮಂಗಳವಾರದ ಇಸ್ತ್ರಿ' ಶುರುವಾಯಿತು. ಎಲ್ವುಡ್ ಎದ್ದು ಹೋಗಬೇಕೆಂದುಕೊಂಡ, ಕಾಲು ಏಳಲಿಲ್ಲ. ಮೂರು ಸಾಲು ಮುಗಿದವು. ಖಾಲಿ ಜಾಗ ಬರುತ್ತದೆಂದು ಅವನು ಕಣ್ಣು ಮುಚ್ಚಿದ.

ಖಾಲಿ ಇರಲಿಲ್ಲ. ಇಸ್ತ್ರಿಯ ಮೇಜಿನ ಹತ್ತಿರದಿಂದ ಲುವೀನಿಯಳ ಗುನುಗು ಎತ್ತರಕ್ಕೆ ಏರಿತು, ಪೆಟ್ಟಿಗೆ ಬಟ್ಟೆಯಿಂದ ಮೇಲೇಳುವ ತನಕ ನಿಂತಿತು, ಇಳಿಯಿತು. ಇಳಿದ ಕಡೆಯಲ್ಲೇ ಟ್ರಂಪೆಟ್ ಮತ್ತೆ ಹೊರಟಿತು.

"ಇದೊಂದು ಚೆನ್ನಾಗಿದೆ," ಎಂದಳು ಪಕ್ಕದ ಮೆಟ್ಟಿಲಿಂದ ಮಿಸ್ ಒಡೆಸ್ಸ. "ಆ ಹೆಂಗ್ಸನ್ನ ಎಲ್ಲಿಂದ ಕರ್ಕೊಂಡು ಹೋಗಿದ್ರಿ ಹಾಡೋಕೆ?"

ಎಲ್ವುಡ್ ಒಳಗೆ ಹೋದ. ಲುವೀನಿಯ ಬೆಚ್ಚಿಬಿದ್ದು ಸೂಜಿಯ ಕಡೆ ಕೈ ಚಾಚಿದಳು. "ಕ್ಷಮ್ಸು," ಎಂದಳು. "ನಿನ್ನ ಸ್ವರ ತೆಗ್ದವಳು ನಾನೇ. ಒಂದು ಫೋಟೋಕ್ಕೋಸ್ಕರ."

"ತೆಗ್ದವಳೇ ತುಂಬಿದೀಯಲ್ಲ," ಎಂದ ಎಲ್ವುಡ್. "ಇನ್ನೊಂದ್ಸಲ ಹಾಕು."

ತಾನು ಗುನುಗಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಇನ್ನೊಂದು ಸಲ ಹಾಕಿದಾಗ ಗೊತ್ತಾಯಿತು, ನಾಚಿಕೆಯೂ ಆಯಿತು, ಆದರೂ ಗುನುಗಿದಳು. ಅಂದಿನಿಂದ ಆ ಮನೆಯಲ್ಲಿ ಮಂಗಳವಾರ ಅದೇ ಪದ್ಧತಿ.

ಎಲ್ವುಡ್‌ನ ರೆಕಾರ್ಡುಗಳ ಬದುಕು ಬಹಳ ದೂರ ಹೋಗಲಿಲ್ಲ. ಬೇರೆಯವರಿಗಾಗಿ ಇನ್ನೆರಡು ರೆಕಾರ್ಡು ಊದಿದ. ಅಷ್ಟರಲ್ಲಿ ಗಿಟಾರಿನವರ ಕಾಲ ಬಂತು, ಲ್ಯಾಂಟರ್ನ್ ಮುಚ್ಚಿತು, ಬಾರುಗಳು ಒಂದೊಂದಾಗಿ ಕದ ಹಾಕಿದವು. ಅವನು ವ್ಯಾನು ಓಡಿಸಿದ, ಎಲ್ಕ್ಸ್ ಬ್ಯಾಂಡಿಗೆ ಪಾಠ ಹೇಳಿದ, ಟ್ರಾಮಿನ ಹಳಿ ನೋಡಿಕೊಂಡು ನಡೆಯಿರಿ ಎಂದು ಮಕ್ಕಳಿಗೆ ಬುದ್ಧಿ ಹೇಳಿದ. ಆದರೆ ಆ ಒಂದು ಹಾಡು ಎಲ್ಲೆಲ್ಲೋ ತಿರುಗಾಡಿತು. ದೂರದೂರಿನ ಟ್ರಂಪೆಟ್ಟಿನವರು ಅದನ್ನು ಕಲಿತರು, ಖಾಲಿ ಜಾಗವನ್ನೂ ಸೇರಿಸಿ. ಪತ್ರಿಕೆಯೊಂದು ಆ ಖಾಲಿ ಜಾಗದ ಬಗ್ಗೆ ಎರಡು ಪುಟದ ತತ್ವಜ್ಞಾನ ಬರೆದು ಅವನನ್ನು ಮೌನದ ಗುರು ಎಂದಿತು. ಮರ್ಸರ್ ಅದನ್ನು ಬಾರಿನಲ್ಲಿ ಗಟ್ಟಿಯಾಗಿ ಓದಿ, "ಗುರುಗಳೇ, ಗುರುದಕ್ಷಿಣೆ ಹಲ್ಲಿನ ಡಾಕ್ಟರಿಗೆ ಕೊಡ್ಬೇಕೋ ನಿಮಗೋ?" ಎಂದು ಕೈ ಮುಗಿದ.

ಮೇಲಿನ ಸ್ವರಗಳು ಮತ್ತೆ ಬಂದವು. ತುಟಿ ಹೊಸ ಹಲ್ಲಿಗೆ ಒಗ್ಗಲು ವರ್ಷಗಳೇ ಹಿಡಿದವು, ಆದರೂ ಒಗ್ಗಿತು. ಚರ್ಚಿನ ಬೇಸಿಗೆಯ ಊಟದ ಕೂಟದಲ್ಲಿ ಒಂದು ಹಾಡಿನ ಕೊನೆಗೆ ಎಲ್ವುಡ್ ತಾರಸ್ಥಾಯಿಗೆ ಏರಿದ್ದನ್ನು ಕೇಳಿ ಮರ್ಸರ್ ಅವನ ಬೆನ್ನಿಗೆ ಗುದ್ದಿದ.

"ಬಂತಲ್ಲೋ! ಇನ್ಮೇಲೆ ಇಸ್ತ್ರಿ ಹಾಡಲ್ಲೂ ಹಾಕು."

"ಅಲ್ಲಿ ಅದು ನಂದಲ್ಲ," ಎಂದ ಎಲ್ವುಡ್.

ಅಂದೂ ಅವನು ಆ ಹಾಡಿನಲ್ಲಿ ಟ್ರಂಪೆಟ್ ಕೆಳಗಿಳಿಸಿ ಕಾದ. ಹಿಂದೆ, ಮರದಡಿಯ ಬೆಂಚುಗಳ ಹತ್ತಿರ ಒಂದು ಕೈ ಬೆನ್ನ ಹಿಂದಿಟ್ಟು ನಿಂತ ಲುವೀನಿಯ, ಯಾರ ಕಡೆಗೂ ನೋಡದೆ, ತನ್ನ ಸ್ವರ ಗುನುಗಿದಳು. ಆಮೇಲಿನ ಇಪ್ಪತ್ತು ವರ್ಷವೂ ಅದು ಹಾಗೇ ನಡೆಯಿತು. ಎಲ್ವುಡ್ ಎಲ್ಲೇ ಊದಲಿ, ಆ ಜಾಗವನ್ನು ಬಿಟ್ಟ. ಅವಳು ಇದ್ದರೆ ತುಂಬಿದಳು, ಇಲ್ಲದಿದ್ದರೆ ಅದು ಖಾಲಿ ಉಳಿಯಿತು.

ಲುವೀನಿಯ ತೀರಿಕೊಂಡದ್ದು ಒಂದು ಮಾರ್ಚಿನಲ್ಲಿ, ಸ್ವಲ್ಪ ದಿನದ ಕಾಯಿಲೆಯ ನಂತರ. ಚರ್ಚು ಕಿಕ್ಕಿರಿದಿತ್ತು. ಸ್ವಯಂಸೇವಕಿಯರೆಲ್ಲ ಬಿಳಿ ಬಟ್ಟೆಯಲ್ಲಿ ಎರಡು ಸಾಲಾಗಿ ನಿಂತಿದ್ದರು, ಎಲ್ಲರ ಒಂದು ಕೈ ಬೆನ್ನ ಹಿಂದೆ. ಎಲ್ವುಡ್ ಎದ್ದು ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು ಊದತೊಡಗಿದ. ಮೂರು ಸಾಲು ನಿಧಾನವಾಗಿ ಕೆಳಗೇ ನಡೆದವು. ಆ ಹಾಡು ಎಲ್ಲರಿಗೂ ಬಾಯಿಪಾಠ; ತೆರೆದ ಕಿಟಕಿಯಿಂದ ವರ್ಷಗಟ್ಟಲೆ ಕೇಳಿದ್ದರು. ನಾಲ್ಕನೆಯ ಸಾಲು ಬಂದಾಗ ಎಲ್ಲರೂ ಅವನು ಟ್ರಂಪೆಟ್ ಇಳಿಸುವುದನ್ನು ಕಾದರು. ಅವಳ ಬದಲು ತಾವೇ ಗುನುಗೋಣವೆಂದು ಒಂದಿಬ್ಬರು ಹೆಂಗಸರು ಉಸಿರನ್ನೂ ಎಳೆದುಕೊಂಡಿದ್ದರು.

ಎಲ್ವುಡ್ ಟ್ರಂಪೆಟ್ ಇಳಿಸಲಿಲ್ಲ. ಒಂದು ಉಸಿರಿನಷ್ಟು ತಡೆದು ಸ್ವರವನ್ನು ಊದಿದ. ಎತ್ತರದಲ್ಲಿ, ಒಂದು ಚೂರೂ ಅಲುಗದೆ, ಇಸ್ತ್ರಿಪೆಟ್ಟಿಗೆ ಒಂದು ಅಂಗಿಯ ಬೆನ್ನನ್ನು ದಾಟುವಷ್ಟು ಹೊತ್ತು ಹಿಡಿದು ನಿಂತು, ಇಳಿದು, ಹಾಡು ಮುಗಿಸಿ ತನ್ನ ಜಾಗದಲ್ಲಿ ಕೂತ. ಚರ್ಚಿನಲ್ಲಿ ಯಾರೂ ಆಮೆನ್ ಅನ್ನಲಿಲ್ಲ. ಮರ್ಸರ್ ಕರ್ಚೀಫು ಮುಖಕ್ಕೆ ಹಿಡಿದುಕೊಂಡು ಬಿಕ್ಕಳಿಸಿದ.

ಆಮೇಲೆ ನೆಲಮಾಳಿಗೆಯ ಊಟದ ಕೋಣೆಯಲ್ಲಿ ಕೋಳಿ, ಸೊಪ್ಪು, ಸಿಹಿಗೆಣಸಿನ ಪೈ ಎಲ್ಲ ಬಡಿಸಿದರು. ಮರ್ಸರ್ ತಟ್ಟೆ ಹಿಡಿದು ಬಂದು ಗೆಳೆಯನ ಪಕ್ಕ ಕೂತ.

"ಇವತ್ತು ತಪ್ಪು ಊದಿದ್ಯಲ್ಲೋ ಗೇಟ್," ಎಂದ ಮರ್ಸರ್.

"ಹೂಂ," ಎಂದ ಎಲ್ವುಡ್. "ಬರ್ತಾಳೇನೋ ಅಂತ ಒಂದು ಗಳಿಗೆ ಕಾದೆ. ಬರ್ಲಿಲ್ಲ."

ಮರ್ಸರ್ ತನ್ನ ತಟ್ಟೆಯ ಪೈಯನ್ನು ಅವನ ತಟ್ಟೆಗೆ ಸರಿಸಿದ.